ಮೇನ್ ಸ್ವಿಚ್ ಆರಿಸಿದ ಮೇಲೆ ಕೇಳಿಸಿದ್ದು

ಸಕಲೇಶಪುರದ ಬಳಿ ನಮ್ಮ ಕಾಫಿ ತೋಟದ ಮನೆಯಲ್ಲಿ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದ ಹವ್ಯಾಸಿಗಳು ಪರಸ್ಪರ ಮಾತನಾಡುವ ರೇಡಿಯೊ) ಹೂಡಿದ ಮೊದಲ ವರ್ಷ, 7 ಮೆಗಾಹರ್ಟ್ಸ್ ಆಸುಪಾಸಿನ 40 ಮೀಟರ್ ಬ್ಯಾಂಡಿನಲ್ಲಿ ಗೆಳೆಯರ ಮಾತಿಗಿಂತ ಹೆಚ್ಚಾಗಿ ನನಗೆ ಕೇಳಿಸುತ್ತಿದ್ದುದು ಒಂದೇ ಸಮನೆ ಮೊರೆಯುವ ಗದ್ದಲ. ಯಾರೂ ಮಾತನಾಡದಿರುವಾಗಲೂ ಒಳಬರುವ ಸಿಗ್ನಲಿನ ಬಲ ತೋರಿಸುವ ಮೀಟರಿನ ಮುಳ್ಳು ಎಸ್-7ರಲ್ಲಿ ನಿಂತಿರುತ್ತಿತ್ತು.

ಸಿಗ್ನಲ್ ಸಾಲದೆಂದು ಭಾವಿಸಿ ಅದನ್ನು ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಎಂಬ ವರ್ಧಕ ಜೋಡಿಸಿದೆ. ಮುಳ್ಳು ಮೇಲೇರಿತು, ಗದ್ದಲವೂ ಅಷ್ಟೇ ಏರಿತು. ಈ ಬ್ಯಾಂಡಿನಲ್ಲಿ ರಿಸೀವರಿನೊಳಗೆ ಹುಟ್ಟುವ ಗದ್ದಲಕ್ಕಿಂತ ಆಂಟೆನಾದ ಮೂಲಕ ಹೊರಗಿನಿಂದ ಬರುವುದೇ ಬಹಳ ಹೆಚ್ಚಾಗಿರುವುದರಿಂದ, ವರ್ಧಕವು ಸಿಗ್ನಲ್, ಗದ್ದಲ ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆಯೇ ಹೊರತು ಅವುಗಳ ಅನುಪಾತವನ್ನು ಬದಲಿಸುವುದಿಲ್ಲ. ಲೈಸೆನ್ಸ್ ಪರೀಕ್ಷೆಗಾಗಿ ಇದನ್ನೇ ಓದಿದ್ದವನು ನಾನು!

ಕೊನೆಗೆ ರೇಡಿಯೊವನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಇನ್ವರ್ಟರನ್ನೂ ಮನೆಯ ಮೇನ್ ಸ್ವಿಚ್ಚನ್ನೂ ಆರಿಸಿದೆ. ಮುಳ್ಳು ಎಸ್-3ಕ್ಕೆ ಕುಸಿಯಿತು. ಒಂದು ಎಸ್ ಎಂದರೆ 6 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ನಾಲ್ಕಕ್ಕೆ 24, ಅಂದರೆ ಗದ್ದಲದ ಶಕ್ತಿ ಸುಮಾರು 250ನೆಯ ಒಂದು ಪಾಲಿಗೆ ಇಳಿದಿತ್ತು. ಇಷ್ಟೇ ಅನುಕೂಲವನ್ನು ನನ್ನತ್ತ ಮಾತನಾಡುವವರು ಒದಗಿಸಬೇಕಾದರೆ ಅವರು 100 ವಾಟ್ ಬದಲು 25,000 ವಾಟ್ ಹೊರಡಿಸಬೇಕಾಗುತ್ತಿತ್ತು.

ಮನೆಯ ಒಂದೊಂದು ಭಾಗಕ್ಕೆ ಕರೆಂಟು ಕೊಡುವ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಏರಿಸುತ್ತ ಹೋದಾಗ ಕಾಫಿ ಒಣಗಿಸುವ ಕಣದ ಎಲ್‌ಇಡಿ ದೀಪಗಳೂ ಇನ್ವರ್ಟರಿನ ಚಾರ್ಜರೂ ಸಿಕ್ಕಿಬಿದ್ದವು. ದೀಪಗಳನ್ನು ಬದಲಿಸಿದೆ, ಚಾರ್ಜರಿನ ತಂತಿಯನ್ನು ಗದ್ದಲ ತಡೆಯುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಬಳೆಗೆ ಏಳೆಂಟು ಸುತ್ತು ಸುತ್ತಿದೆ. ಈಗ ಕರೆಂಟಿದ್ದಾಗಲೂ ಮುಳ್ಳು ಎಸ್-4 ದಾಟುವುದಿಲ್ಲ.

ಉಳಿದದ್ದು ಸೆಕೆಂಡಿಗೊಮ್ಮೆ ಬರುವ ಟಿಕ್ ಎಂಬ ಸದ್ದು. ಅದು ಆನೆಗಳಿಗಾಗಿ ಹಾಕಿದ ಸೋಲಾರ್ ಬೇಲಿಯದು, ಆರಿಸುವಂತಿಲ್ಲ. ಆದರೆ ಬೇಲಿ ತಾನಾಗಿಯೇ ಅಷ್ಟು ಸದ್ದು ಮಾಡಬಾರದಲ್ಲ ಎನಿಸಿ, ಮೀಡಿಯಂ ವೇವಿನ ಖಾಲಿ ಜಾಗಕ್ಕೆ ತಿರುಗಿಸಿದ ಟ್ರಾನ್ಸಿಸ್ಟರ್ ಹಿಡಿದು ಬೇಲಿಯುದ್ದಕ್ಕೂ ನಡೆದೆ. ಸದ್ದು ಜೋರಾದ ಕಡೆ ಒಂದು ಇನ್ಸುಲೇಟರ್ ಬಿರುಕು ಬಿಟ್ಟಿತ್ತು, ಇನ್ನೊಂದೆಡೆ ಹಸಿ ಬಳ್ಳಿಯೊಂದು ತಂತಿಗೆ ತಾಗಿ ಕಿಡಿ ಹಾರುತ್ತಿತ್ತು. ಮಳೆಗಾಲದಲ್ಲಿ ಬಳ್ಳಿ ಸವರುವುದು ಈಗ ನನ್ನ ರೇಡಿಯೊ ಕೆಲಸದ ಭಾಗವೇ ಆಗಿದೆ.

ಮೋರ್ಸ್ ಕೇಳುವಾಗ 2,400 ಹರ್ಟ್ಸ್ ಫಿಲ್ಟರಿನ ಬದಲು 500ರದ್ದನ್ನು ಬಳಸಿದರೆ ಇನ್ನೂ ಸುಮಾರು 7 ಡೆಸಿಬೆಲ್ ಲಾಭವಿದೆ, ಏಕೆಂದರೆ ಒಳಬರುವ ಗದ್ದಲ ಫಿಲ್ಟರಿನ ಕಿಂಡಿಯ ಅಗಲಕ್ಕೆ ತಕ್ಕಷ್ಟು. ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಮಾತ್ರ ಇದಾವುದೂ ನಡೆಯುವುದಿಲ್ಲ. ಆಗ ಆಂಟೆನಾ ಕೇಬಲ್ ಕಳಚಿ ಹೊರಗಿಡುತ್ತೇನೆ.