ಕತ್ತರಿ ಎಲ್ಲಿ?

"ಅಮ್ಮಾ, ಕತ್ತರಿ ಎಲ್ಲಿ?"

ದಿನಕ್ಕೆ ಒಂದು ಸಲವಾದರೂ ನಮ್ಮ ಮನೆಯಲ್ಲಿ ಈ ಮಾತು ಕೇಳುತ್ತಿತ್ತು. ಮಗ ಕೇಳದಿದ್ದರೆ ನಮ್ಮನೆಯವರು ಕೇಳುತ್ತಿದ್ದರು. ಅವರೂ ಸುಮ್ಮನಿದ್ದರೆ ಹಾಲಿನ ಪ್ಯಾಕೆಟ್ ಹಿಡಿದು ಅಡುಗೆಮನೆಯಲ್ಲಿ ನಿಂತ ಅತ್ತೆ. ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿ 24 ವರ್ಷ ದುಡಿದವಳು. ಮೂವತ್ತು ಸಾವಿರ ಪುಸ್ತಕದಲ್ಲಿ ಯಾವುದು ಕೇಳಿದರೂ ಐದು ನಿಮಿಷದೊಳಗೆ ತಂದು ಕೊಡುತ್ತಿದ್ದೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಒಂದು ಕತ್ತರಿ ಹುಡುಕಿ ಕೊಡಲು ಆಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ದಸರಾ ಗೊಂಬೆ ಇಳಿಸಲು ಅಟ್ಟ ಹತ್ತಿದವಳು, ಹೇಗೂ ಹತ್ತಿದ್ದೇನಲ್ಲ ಅಂತ ಇಡೀ ಅಟ್ಟವನ್ನೇ ಹಾಲಿಗೆ ಇಳಿಸಿಬಿಟ್ಟೆ. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಮೂರು ಸೂಟ್‌ಕೇಸು, ಮಕ್ಕಳ ಎಲ್‌ಕೆಜಿ ಪುಸ್ತಕ, ನಮ್ಮ ಮದುವೆಗೆ ಬಂದ ಐದು ಗೋಡೆ ಗಡಿಯಾರ. ಹನ್ನೊಂದು ದಿನ ಅವು ಹಾಲಿನಲ್ಲೇ ಇದ್ದವು. ಗೊಂಬೆ ನೋಡಲು ಬಂದ ಅಕ್ಕಪಕ್ಕದ ಮಕ್ಕಳು ಸೂಟ್‌ಕೇಸಿನ ಮೇಲೆ ಕೂತು ಚರುಪು ತಿಂದರು. ಕೊನೆಗೆ ಬೇಸತ್ತು ಎಲ್ಲವನ್ನೂ ಹಾಗೇ ಮೇಲಕ್ಕೆ ತಳ್ಳಿದೆ. ಜೊತೆಗೆ ಕೆಳಗಿದ್ದ ಇನ್ನೆರಡು ಬ್ಯಾಗೂ ಮೇಲೆ ಹೋದವು.

ಆದ್ದರಿಂದ ಮೊದಲೇ ಹೇಳುತ್ತೇನೆ. ಮನೆ ಜೋಡಿಸುವುದನ್ನು ಅಟ್ಟದಿಂದ ಶುರು ಮಾಡಬೇಡಿ. ಅಲ್ಲಿರುವ ಸಾಮಾನು ದಿನಾ ನಿಮ್ಮ ಕಾಲಿಗೆ ಸಿಗುವುದಿಲ್ಲ.

ಒಂದು ವಾರ ಬರೀ ಬರೆಯಿರಿ

ಲೈಬ್ರರಿ ಸೈನ್ಸ್ ಓದಿದವರಿಗೆಲ್ಲ, ನಮ್ಮ ದೇಶದಲ್ಲಿ ಆ ವಿದ್ಯೆಯ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳು ಬಾಯಿಪಾಠ. 1931ರಲ್ಲಿ ಪ್ರಕಟವಾದವು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ. ಪುಸ್ತಕ ಜೋಡಿಸುವುದು ಚೆಂದ ಕಾಣಲಿ ಅಂತಲ್ಲ, ಬಂದವರಿಗೆ ಬೇಗ ಸಿಗಲಿ ಅಂತ. ಕಾಲೇಜಿನಲ್ಲಿ ಇದನ್ನೇ ಮಾಡುತ್ತಿದ್ದ ನಾನು ಮನೆಯಲ್ಲಿ ಮಾತ್ರ, ನೆಂಟರು ಬರುವ ಹೊತ್ತಿಗೆ ಎಲ್ಲವನ್ನೂ ಬೀರುವಿಗೆ ತುರುಕಿ ಬಾಗಿಲು ಹಾಕುತ್ತಿದ್ದೆ.

ಒಂದು ಹಳೇ ಡೈರಿಯನ್ನು ಫ್ರಿಜ್ಜಿನ ಮೇಲಿಡಿ. ಏಳು ದಿನ ಏನನ್ನೂ ಎಸೆಯಬೇಡಿ, ಜೋಡಿಸಬೇಡಿ. ಮನೆಯಲ್ಲಿ ಯಾರು "ಎಲ್ಲಿದೆ?" ಅಂದರೂ ಆ ವಸ್ತುವಿನ ಹೆಸರು ಬರೆಯಿರಿ. ನಮ್ಮಲ್ಲಿ ಆ ವಾರ 43 ಸಲ ಆಯಿತು. ಕತ್ತರಿ 9, ಚಾರ್ಜರ್ 6, ಅತ್ತೆಯ ಕನ್ನಡಕ 5, ನೇಲ್ ಕಟರ್ 4. ಉಳಿದದ್ದು ಟಾರ್ಚು, ಆಧಾರ್ ಜೆರಾಕ್ಸು, ಗ್ಯಾಸ್ ಪುಸ್ತಕ, ಗಮ್ ಟೇಪು ಅಂತ ಚಿಲ್ಲರೆ. ಹಂಡೆ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

ಹೆಸರಿನ ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಬೇಕು. ಹುಡುಕುವವರು ಮೊದಲು ಎಲ್ಲಿ ನೋಡಿದರು? ಕತ್ತರಿಯನ್ನು ನಾನು ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿ ಇಡುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದೇ ಸರಿಯಾದ ಜಾಗ. ಆದರೆ ಒಂಬತ್ತರಲ್ಲಿ ಏಳು ಸಲ ಎಲ್ಲರೂ ಮೊದಲು ನೋಡಿದ್ದು ಫ್ರಿಜ್ಜಿನ ಪಕ್ಕ. ಅಲ್ಲೇ ಗೋಡೆಗೆ ಒಂದು ಮೊಳೆ ಹೊಡೆದು ಕತ್ತರಿ ನೇತು ಹಾಕಿದೆ. ಮನೆಮಂದಿಯನ್ನೆಲ್ಲ ತಿದ್ದುವುದಕ್ಕಿಂತ ಮೊಳೆ ಹೊಡೆಯುವುದು ಸುಲಭ, ಅಲ್ವಾ? ಅತ್ತೆಯ ಕನ್ನಡಕಕ್ಕೆ ದೇವರ ಮನೆಯ ಬಾಗಿಲ ಪಕ್ಕ ಒಂದು ಸಣ್ಣ ಬುಟ್ಟಿ. ಚಾರ್ಜರ್ ಮಾತ್ರ ಇನ್ನೂ ಜಗಳದಲ್ಲಿದೆ. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಆಮೇಲಿನ ತಿಂಗಳಲ್ಲಿ ಒಂದೊಂದಾಗಿ ಇನ್ನೂ ನಾಲ್ಕು ಕತ್ತರಿ ಹೊರಗೆ ಬಂದವು. ಸಿಗದಾಗೆಲ್ಲ ಹೊಸದು ತಂದಿದ್ದೆವು. ಮನೆ ತುಂಬಿದ್ದು ಆಸೆಗಿಂತ ಜಾಸ್ತಿ ಹೀಗೆ ಸಿಗದೇ ಹೋದ ಸಾಮಾನಿನಿಂದ ಅಂತ ಆಗ ಗೊತ್ತಾಯಿತು.

ಒಂದು ಸಲಕ್ಕೆ ಒಂದು ಡ್ರಾಯರು

ಪಟ್ಟಿಯಲ್ಲಿ ಜಾಸ್ತಿ ಸಲ ಬಂದ ಸಾಮಾನು ಇರಬೇಕಾದ ಡ್ರಾಯರನ್ನೇ ಮೊದಲು ತೆಗೆಯಿರಿ. ಇಡೀ ಕೋಣೆಗೆ ಕೈ ಹಾಕಬೇಡಿ. ತಿಂಡಿ ಮುಗಿದ ಮೇಲೆ ಮುಕ್ಕಾಲು ಗಂಟೆ ಸಾಕು. ನೆಲಕ್ಕೆ ಹಳೇ ಪಂಚೆ ಹಾಸಿ ಎಲ್ಲವನ್ನೂ ಸುರಿಯಿರಿ. ಒಂದೇ ಜಾತಿಯದನ್ನು ಒಂದು ಕಡೆ ಗುಡ್ಡೆ ಮಾಡಿ. ಎಷ್ಟಿದೆ ಅಂತ ಕಣ್ಣಿಗೆ ಕಂಡರೆ ಉಳಿದದ್ದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಒಂದು ಡ್ರಾಯರಿನಲ್ಲಿ ಏಳು ಕುಕ್ಕರ್ ಗ್ಯಾಸ್ಕೆಟ್ ಇದ್ದವು. ಮೂರು ಈಗ ಮನೆಯಲ್ಲೇ ಇಲ್ಲದ ಕುಕ್ಕರಿನವು.

ಅಡುಗೆಮನೆಯಲ್ಲಿ ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಸುತ್ತಿದ ಸಾಸಿವೆ ಪ್ಯಾಕೆಟ್ಟೇ ನಾಲ್ಕು. ಡಬ್ಬಿ ತುಂಬಿದ ಮೇಲೆ ಉಳಿದದ್ದಕ್ಕೆ ಜಾಗ ಇರಲಿಲ್ಲ, ಅದಕ್ಕೇ. ಈಗ ಉಳಿದ ಪ್ಯಾಕೆಟ್ಟುಗಳಿಗೆಲ್ಲ ಒಂದೇ ಬುಟ್ಟಿ. ಅಂಗಡಿ ಚೀಟಿ ಬರೆಯುವ ಮೊದಲು ಆ ಬುಟ್ಟಿ ನೋಡುವುದು. ಸ್ಟೀಲ್ ಡಬ್ಬಿಯೇ ನಿಮಗೆ ಇಷ್ಟವಾದರೆ ಇರಲಿ, ಗಾಜಿನದು ಕೊಳ್ಳಲು ಓಡಬೇಡಿ. ಮುಚ್ಚಳಕ್ಕೆ ಚೀಟಿ ಅಂಟಿಸಿದರೆ ಆಯಿತು. ಅತ್ತೆ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆಯಿರಿ. ದಿನಾ ಬೇಕಾದದ್ದು ಸೊಂಟದಿಂದ ಭುಜದ ಎತ್ತರದೊಳಗೆ. ಗ್ರೈಂಡರಿನಂಥ ಭಾರದ್ದು ಕೆಳಗೆ. ಚಕ್ಕುಲಿ ಒರಳು, ಹಬ್ಬದ ದೊಡ್ಡ ಪಾತ್ರೆ ಮೇಲೆ. ವರ್ಷದ ತೊಗರಿಬೇಳೆ ತರುವವರು ಹರಳೆಣ್ಣೆ ಸವರಿ ಇಟ್ಟರೆ ಹುಳ ಬರುವುದು ಕಡಿಮೆ. ನಾವು ಈಗ ತಿಂಗಳಿಗಾಗುವಷ್ಟೇ ತರುತ್ತೇವೆ. ಡಬ್ಬಿಗಳ ಒಂದು ಸಾಲೇ ಖಾಲಿಯಾಯಿತು.

ಒಂದು ತಪ್ಪು ನೀವು ಮಾಡಬೇಡಿ. ಜೋಡಿಸುವ ಮೊದಲೇ ಹನ್ನೆರಡು ಪ್ಲಾಸ್ಟಿಕ್ ಬಾಕ್ಸ್ ತಂದೆ. ವಿಂಗಡಿಸಿ ಮುಗಿದಾಗ ಬೇಕಾದದ್ದು ಮೂರು. ಉಳಿದ ಒಂಬತ್ತನ್ನು ಇಡಲು ಜಾಗ ಹುಡುಕಬೇಕಾಯಿತು.

ಕವರುಗಳ ವಿಷಯ ಹೇಳದಿದ್ದರೆ ಆಗುವುದಿಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆದದ್ದು 2016ರಲ್ಲಿ. ಅದಕ್ಕೂ ಮೊದಲಿನ ಬಟ್ಟೆ ಅಂಗಡಿ ಕವರುಗಳು ನಮ್ಮ ಬಾಗಿಲ ಹಿಂದೆ ಮಡಚಿಕೊಂಡು, ಒಂದರೊಳಗೊಂದು ಕೂತು, ಹಾಗೇ ಇದ್ದವು. ಹತ್ತು ಇಟ್ಟುಕೊಳ್ಳಿ ಅಂತ ಅತ್ತೆಗೆ ಹೇಳಿದೆ. ಇಪ್ಪತ್ತಕ್ಕೆ ಒಪ್ಪಂದ ಆಯಿತು.

ಕಾಗದ

ಇದಕ್ಕೆ ಸಮಯ ಕೊಡಿ. ನನಗೆ ನಾಲ್ಕು ಭಾನುವಾರ ಬೇಕಾಯಿತು.

ಮೊದಲ ಗುಡ್ಡೆ, ಎಂದೂ ಎಸೆಯದ್ದು. ಮನೆಯ ಕ್ರಯಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿಗಳು, ಸಾಲ ತೀರಿದ್ದಕ್ಕೆ ಬ್ಯಾಂಕ್ ಕೊಟ್ಟ ಪತ್ರ, ಜನನ ಮರಣ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಪಾಲಿಸಿ ಬಾಂಡು. ಇವುಗಳ ಮೂಲಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಚೆನ್ನಾಗಿರುತ್ತದೆ ಅಂತ ನಾನು ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಮಾಡಿಸಿದ್ದೆ. ಪರಿಶೀಲನೆಗೆ ಕೊಟ್ಟಾಗ ಉಬ್ಬು ಮುದ್ರೆ ಕೈಗೆ ಸಿಗುವುದಿಲ್ಲ ಅಂತ ವಾಪಸ್ ಕಳಿಸಿದರು. ಪಾರದರ್ಶಕ ಹಾಳೆಗಳಿರುವ ಫೈಲು ಸಾಕು. ಫೈಲಿನ ಮೊದಲ ಪುಟದಲ್ಲಿ ಒಳಗೇನಿದೆ ಅಂತ ಪಟ್ಟಿ ಇರಲಿ. ಆ ಫೈಲು ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ಮಾವನವರು ತೀರಿಕೊಂಡಾಗ ಅವರ ಠೇವಣಿ ರಸೀದಿಗಳು ಹಳೇ ಪಂಚಾಂಗದೊಳಗೆ ಸಿಕ್ಕವು. ಅದೂ ಆರು ತಿಂಗಳ ಮೇಲೆ.

ಎರಡನೆಯದು, ಕೆಲವು ಕಾಲ ಇರಬೇಕಾದದ್ದು. ವಾರಂಟಿ ಕಾರ್ಡಿಗೆ ಅದರ ಬಿಲ್ಲನ್ನು ಪಿನ್ ಮಾಡಿ. ಅಂಗಡಿಯವರು ಕೊಡುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಒಂದೆರಡು ವರ್ಷದಲ್ಲಿ ಅಳಿಸಿಹೋಗುತ್ತದೆ. ಅದು ಬಿಸಿಗೆ ಕಪ್ಪಾಗುವ ಕಾಗದ, ಶಾಯಿಯೇ ಇರುವುದಿಲ್ಲ. ಮನೆಗೆ ಬಂದ ದಿನವೇ ಫೋಟೋ ತೆಗೆದಿಡಿ. ಆರ್‌ಸಿ, ಡ್ರೈವಿಂಗ್ ಲೈಸೆನ್ಸು ಸರ್ಕಾರದ ಡಿಜಿಲಾಕರ್ ಆ್ಯಪಿನಲ್ಲಿ ಇದ್ದರೆ ಜೆರಾಕ್ಸಿನ ಕಟ್ಟು ಬೇಕಾಗಿಲ್ಲ.

ಮೂರನೆಯದು ಕರೆಂಟ್ ಬಿಲ್ಲು, ಮದುವೆ ಕಾರ್ಡು, ಬ್ಯಾಂಕಿನವರ ಕರಪತ್ರ. ಹೋಗಲಿ. ಅಕೌಂಟ್ ನಂಬರು, ಆಧಾರ್ ನಂಬರು ಇರುವ ಹಾಳೆಯನ್ನು ಮಾತ್ರ ಹರಿದು, ನೀರಿನಲ್ಲಿ ನೆನೆಸಿ ಹಾಕಿ.

ಹೊರಗೆ ಹೋಗುವುದು

ಯಾರಿಗಾದರೂ ಕೊಡೋಣ ಅಂತ ಕಟ್ಟಿಟ್ಟ ಬ್ಯಾಗು ಬಾಗಿಲ ಹತ್ತಿರ ವರ್ಷ ಕೂರುತ್ತದೆ. ಯಾರಿಗೆ, ಯಾವ ದಿನ ಅಂತ ಗೊತ್ತಾದ ಮೇಲೆ ಬ್ಯಾಗು ಕಟ್ಟಿ. ಪೇಪರು, ಕಬ್ಬಿಣ ಗುಜರಿಯವರಿಗೆ. ಅವರ ತಕ್ಕಡಿ ಮೇಲೆ ನನಗೆ ನಂಬಿಕೆ ಕಡಿಮೆ, ಆದರೂ ಮನೆ ಖಾಲಿಯಾದರೆ ಸಾಕು ಅನ್ನಿಸುತ್ತದೆ. ಬಳಕೆ ಇಲ್ಲದ ಹಿತ್ತಾಳೆ, ತಾಮ್ರವನ್ನು ಗುಜರಿಗೆ ಹಾಕಬೇಡಿ. ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಸರಿಯಾಗಿ ಹೊಸ ಪಾತ್ರೆಗೆ ಬದಲಾಯಿಸಿ ಕೊಡುತ್ತಾರೆ. ಹಳೇ ಮಾತ್ರೆ, ಟ್ಯೂಬ್‌ಲೈಟು, ಬ್ಯಾಟರಿ ಇವು ಮನೆಯ ಅಪಾಯಕಾರಿ ಕಸ. ಬೇರೆಯೇ ಕಟ್ಟಿ ಕೊಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯಂತೂ ಡ್ರಾಯರಿನಲ್ಲಿ ಇಡಲೇಬೇಡಿ, ಬೆಂಕಿ ಹತ್ತಬಹುದು. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ಬರೆಯಿರಿ. ನಮ್ಮೂರಿನ ಕುಂಬಾರಕೊಪ್ಪಲಿನ ಘಟಕದಂಥ ಕಡೆ ಒಣ ಕಸವನ್ನು ವಿಂಗಡಿಸುವುದು ಮನುಷ್ಯರ ಕೈಗಳೇ.

ಬ್ಲೌಸ್ ಪೀಸಿನ ಕಥೆ ಬೇರೆ. ಅದು ಯಾರ ಮನೆಯಲ್ಲೂ ನಿಲ್ಲುವುದಿಲ್ಲ, ಊರು ಸುತ್ತುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಕೊಟ್ಟ ಹಸಿರು ಪೀಸು ಎರಡು ವರ್ಷದ ಮೇಲೆ ಇನ್ನೊಬ್ಬರ ಮನೆಯ ಅರಿಶಿನ ಕುಂಕುಮದಲ್ಲಿ ನನಗೇ ಬಂತು. ಮೂಲೆಯಲ್ಲಿದ್ದ ಶಾಯಿ ಕಲೆಯಿಂದ ಗುರುತು ಸಿಕ್ಕಿತು. ಈಗ ನಾನು ಪೀಸಿನ ಬದಲು ಒಂದು ತೆಂಗಿನಕಾಯಿ, ಅರ್ಧ ಕೆಜಿ ಬೆಲ್ಲ ಕೊಡುತ್ತೇನೆ. ಅದು ಖರ್ಚಾಗುತ್ತದೆ.

ಅವರವರ ಸಾಮಾನು ಅವರವರೇ

ಲೈಬ್ರರಿಯಲ್ಲಿ ಹಳೇ ಪುಸ್ತಕ ತೆಗೆಯುವಾಗ ನಾನೊಬ್ಬಳೇ ನಿರ್ಧಾರ ಮಾಡುವಂತಿರಲಿಲ್ಲ. ಸಮಿತಿ ನೋಡಬೇಕು, ಸಹಿ ಬೀಳಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಮನೆಯಲ್ಲೂ ಹಾಗೇ ಇರಲಿ. ಗಂಡನ ಹಳೇ ರೇಡಿಯೋ ಬಿಡಿಭಾಗಗಳನ್ನು ಅವರಿಲ್ಲದಾಗ ಗುಜರಿಗೆ ಹಾಕಿದ್ದೆ. ಅದರ ಕಥೆ ಇಲ್ಲಿ ಬೇಡ.

ಅತ್ತೆಯ ಬೀರು ತೆಗೆಯಲು ನಾನು ಕೇಳಲಿಲ್ಲ. "ಸೀರೆ ಮಡಿಕೆ ಬದಲಾಯಿಸೋಣವಾ ಅತ್ತೆ?" ಅಂದೆ. ಅದು ಮಾಡಬೇಕಾದ ಕೆಲಸವೇ. ರೇಷ್ಮೆ ಸೀರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಅಲ್ಲೇ ಸೀಳುತ್ತದೆ. ಜರಿಯಲ್ಲಿರುವ ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ, ಅದಕ್ಕೇ ಸೀರೆಗೆ ರಬ್ಬರ್ ಬ್ಯಾಂಡ್ ಹಾಕಬಾರದು. ನುಸಿಗುಳಿಗೆ ಜರಿಗೆ ತಾಗುವಂತೆ ಇಡಬಾರದು. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ನೆರಳಿನಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಚಿ. ಹಾಗೆ ಒಂದೊಂದೇ ಬಿಚ್ಚುತ್ತ ಅತ್ತೆ ತಾವಾಗಿಯೇ ಹೇಳಿದರು, "ಇದು ನಿನ್ನ ಮಗಳಿಗೆ. ಇದು ನಾದಿನಿಗೆ ಕೊಡು. ಇದನ್ನ ಯಾಕಾದ್ರೂ ತಗೊಂಡೆನೋ." ಮೂರು ಮಧ್ಯಾಹ್ನ ಹಿಡಿಯಿತು. ಹದಿನಾಲ್ಕು ಸೀರೆ ಹೊರಗೆ ಹೋದವು. ನಾನು ಒಂದನ್ನೂ ಆರಿಸಲಿಲ್ಲ.

ಕೊನೆಗೆ ಅಟ್ಟ

ಕೆಳಗೆ ಎಲ್ಲ ಮುಗಿದ ಮೇಲೆ ಹತ್ತಿ. ರಟ್ಟಿನ ಪೆಟ್ಟಿಗೆ ಬೇಡ, ಗೆದ್ದಲಿಗೆ ಅದೇ ಊಟ. ತಗಡಿನ ಟ್ರಂಕು ಒಳ್ಳೆಯದು. ಮಣ್ಣಿನ ಗೊಂಬೆಗಳನ್ನು ಪೇಪರಿನಲ್ಲಿ ಸುತ್ತಿದರೆ ಬಣ್ಣಕ್ಕೆ ಶಾಯಿ ಹತ್ತುತ್ತದೆ. ಹರಿದ ಹತ್ತಿ ಸೀರೆಯ ತುಂಡು ಬಳಸಿ. ಪ್ರತಿ ಪೆಟ್ಟಿಗೆಗೂ ನಂಬರು ಹಾಕಿ, ಯಾವುದರಲ್ಲಿ ಏನಿದೆ ಅಂತ ಬರೆದ ಪಟ್ಟಿಯನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿ.

ಲೈಬ್ರರಿ ಪುಸ್ತಕದ ಕೊನೆಯಲ್ಲಿ ದಿನಾಂಕದ ಚೀಟಿ ಇರುತ್ತದಲ್ಲ, ಅದನ್ನೇ ಪೆಟ್ಟಿಗೆಗೂ ಅಂಟಿಸಿದೆ. ತೆಗೆದಾಗಲೆಲ್ಲ ದಿನಾಂಕ ಬರೆಯುವುದು. ಮೂರು ವರ್ಷ ಚೀಟಿ ಖಾಲಿ ಇದ್ದರೆ ಆ ಪೆಟ್ಟಿಗೆಯನ್ನು ಇಳಿಸಿ, ಅದರ ಯಜಮಾನರನ್ನು ಕರೆದು ಕೇಳುವುದು. ಹಂಡೆಗೂ ಒಂದು ಚೀಟಿ ಕಟ್ಟಿದ್ದೆ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅತ್ತೆ ಅದನ್ನು ಇಳಿಸಿದರು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಸಿ, ನೀರು ತುಂಬಿ ಪೂಜೆ ಮಾಡಿದರು. ಆಮೇಲೆ ಪೆನ್ನು ಕೇಳಿ ತಾವೇ ದಿನಾಂಕ ಬರೆದರು.

ಈ ಸಲ ಗೊಂಬೆ ಇಳಿಸುವಾಗ ಏಣಿ ಹಿಡಿಯಲು ಬಂದವರು ಕನ್ನಡಕ ಏರಿಸಿ ಎಲ್ಲ ಚೀಟಿಗಳನ್ನೂ ಓದಿದರು. ಏಳನೇ ನಂಬರು ನನ್ನ ಬಿ.ಲಿಬ್, ಅಂದರೆ ಲೈಬ್ರರಿ ಡಿಗ್ರಿಯ ನೋಟ್ಸಿನ ಟ್ರಂಕು.

"ನಿನ್ನದು ಖಾಲಿ ಇದೆಯಲ್ಲೇ," ಅಂದರು.

"ಇನ್ನೂ ಏಳು ತಿಂಗಳಿದೆ ಅತ್ತೆ," ಅಂದೆ.