ಅಡಿಕೆ ದುಡ್ಡನ್ನು ಹದಿನೈದು ತಿಂಗಳ ಸಂಬಳ ಮಾಡಿಕೊಳ್ಳೋದು ಹೇಗೆ

ನಮ್ಮ ಮಲೆನಾಡಿನಲ್ಲಿ ಮನೆ ಲೆಕ್ಕ ಅಂದರೆ ವರ್ಷದ ಲೆಕ್ಕ. ಕೊನೆ (ಅಡಿಕೆ ಗೊನೆ) ತೆಗೆಸಿ, ಸುಲಿಸಿ, ಬೇಯಿಸಿ, ಒಣಗಿಸಿ, ಅಡಿಕೆ ಮಂಡಿಗೆ ಹೋದ ಮೇಲೆ ದುಡ್ಡು ಬರುತ್ತದೆ. ಆ ದುಡ್ಡಿನಲ್ಲಿ ಅಂಗಡಿ ಬಾಕಿ, ಸೊಸೈಟಿ ಸಾಲ, ಮದುವೆ ಮುಂಜಿ ಎಲ್ಲ ತೀರಬೇಕು. ನಮ್ಮ ಅತ್ತೆಯವರ ಕಾಲದಲ್ಲಿ ಇದು ನಡೆಯುತ್ತಿತ್ತು. ಅಕ್ಕಿ ಗದ್ದೆಯದು, ಕಾಯಿ ಮನೆಯದು, ಸಾರಿಗೆ ಹಿತ್ತಲಲ್ಲಿ ಏನಾದರೂ ಸಿಗುತ್ತಿತ್ತು. ತಿಂಗಳಿಗೆ ಹೊರಗೆ ಹೋಗೋ ದುಡ್ಡು ತುಂಬಾ ಕಡಿಮೆ.

ಕೊರೊನಾ ಬಂದಾಗ ಇದೆಲ್ಲ ತಿರುಗಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಮಂಡಿ ಮುಚ್ಚಿತು, ಬೆಂಗಳೂರಿನಲ್ಲಿದ್ದ ಮೈದುನ ಅರ್ಧ ಸಂಬಳ ಹಿಡಿದುಕೊಂಡು ಊರಿಗೆ ಬಂದ, ಮಕ್ಕಳ ಕ್ಲಾಸು ಮೊಬೈಲಿಗೆ ಬಂತು, ಮಳೆಯಲ್ಲಿ ಕೊಡೆ ಹಿಡಿದು ನೆಟ್‌ವರ್ಕ್ ಸಿಗುವ ಗುಡ್ಡದ ತಲೆಗೆ ಹೋಗಿ ಕೂರುತ್ತಿದ್ದರು. ಮನೆಯಲ್ಲಿ ಇದ್ದ ಒಂದು ಫೋನು ಮೂರಾಯಿತು, ರೀಚಾರ್ಜೂ ಮೂರಾಯಿತು. ಗಾಡಿ ಸಾಲದ ಕಂತು, ಸಂಘದ ವಾರದ ಕಂತು, ಮಾವನವರ ಸಕ್ಕರೆ ಕಾಯಿಲೆ ಮಾತ್ರೆ. ದುಡ್ಡು ಬರೋದು ವರ್ಷಕ್ಕೊಂದು ಸಲ, ಹೋಗೋದು ಪ್ರತಿ ತಿಂಗಳು. ಮಧ್ಯದ ಆ ತೂತನ್ನು ನಾವು ಕೈಗಡದಿಂದಲೂ ಒಡವೆ ಅಡ ಇಟ್ಟೂ ಮುಚ್ಚುತ್ತಿದ್ದೆವು. ಅಡಿಕೆಗೆ ಒಳ್ಳೆ ದರ ಬಂದ ವರ್ಷದಲ್ಲೂ ಆಷಾಢಕ್ಕೆ ಕೈ ಖಾಲಿ! ಆಗ ನಾನು ಒಂದು ನೋಟ್‌ಬುಕ್ ಹಿಡಿದು ಕೂತೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಮನೆಗೂ ಹೊಂದಬಹುದು.

ಮೊದಲು ಒಂದು ತಿಂಗಳು ಸುಮ್ನೆ ಬರೆಯಿರಿ. ಖರ್ಚು ಕಡಿಮೆ ಮಾಡೋ ಯೋಚನೆ ಈಗ ಬೇಡ. ಎಷ್ಟು ಅನ್ನೋದರ ಜೊತೆ, ಯಾವ ತಾರೀಕಿಗೆ ಹೋಗುತ್ತದೆ ಅಂತಲೂ ಬರೆಯಿರಿ. ತಾರೀಕು ಮುಖ್ಯ, ಯಾಕೆಂದರೆ ಕಂತು ಕಟ್ಟೋ ಹಿಂದಿನ ದಿನ ಮಾಡುವ ಕೈಸಾಲವೇ ದುಬಾರಿ ಸಾಲ.

ಆಮೇಲೆ ಹಿಂದಿನ ಐದು ಕೊಯ್ಲಿನ ಮಂಡಿ ಪಟ್ಟಿಗಳನ್ನು ಹುಡುಕಿ ತೆಗೆಯಿರಿ. ಐದು ವರ್ಷದಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಆದಾಯ ಅಂತ ಇಟ್ಟುಕೊಳ್ಳಿ. ಇಲ್ಲಿ ಮನಸ್ಸು ಒಪ್ಪುವುದಿಲ್ಲ, ನನಗೂ ಒಪ್ಪಿರಲಿಲ್ಲ. 2021ರಲ್ಲಿ ರಾಶಿ ಇಡಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಕ್ವಿಂಟಾಲಿಗೆ 50 ಸಾವಿರ ದಾಟಿದ್ದನ್ನು ಕಂಡವರಿಗೆ ಅದೇ ದರ ಕಣ್ಣಲ್ಲಿ ಕೂತಿರುತ್ತದೆ. ಆದರೆ ಅಡಿಕೆ ದರ ನಮ್ಮ ಕೈಯಲ್ಲಿಲ್ಲ. ಹೊರಗಿನ ಅಡಿಕೆ ಅಗ್ಗಕ್ಕೆ ಒಳಗೆ ಬರದಿರಲಿ ಅಂತ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ದಿಲ್ಲಿಯ ಇಂಥ ಒಂದು ಆದೇಶ ನಮ್ಮ ಅಂಗಳದ ಲೆಕ್ಕವನ್ನು ಮೇಲೆ ಕೆಳಗೆ ಮಾಡುತ್ತದೆ. ಜೊತೆಗೆ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆ ರೋಗ ಇದೆ, ಈಗ ಎಲೆಚುಕ್ಕೆ ರೋಗ ಬೇರೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ತೋಟ ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ಕಡಿಮೆ ವರ್ಷದ ಮೊತ್ತವೇ ಗಟ್ಟಿ ನೆಲ.

ಈಗ ಹಂಚೋದು. ಒಂದು ಲೆಕ್ಕ ಹೇಳುತ್ತೇನೆ. ಐದು ಕೊಯ್ಲಿನಲ್ಲಿ ಕಡಿಮೆ ಅಂದರೆ 4 ಲಕ್ಷ 60 ಸಾವಿರ ಅಂದುಕೊಳ್ಳಿ. ಮೊದಲು ತೋಟದ ಪಾಲು ತೆಗೆದಿಡಿ: ಮಳೆಗಾಲಕ್ಕೆ ಮುಂಚಿನ ಮತ್ತು ನಡುವಿನ ಬೋರ್ಡೋ (ಕೊಳೆ ತಡೆಯುವ ದ್ರಾವಣ) ಹೊಡೆಸುವ ಕೂಲಿ, ಅದರ ಮೈಲುತುತ್ತ, ಸುಣ್ಣ, ಗೊಬ್ಬರ, ಮರ ಹತ್ತಿ ಕೊನೆ ಇಳಿಸುವ ಕೊನೆಗಾರರ ಕೂಲಿ, ಸುಲಿಯುವ ಕೂಲಿ. ಇದು 1 ಲಕ್ಷ 60 ಸಾವಿರ ಅಂದರೆ ಉಳಿದದ್ದು 3 ಲಕ್ಷ. ಅದರಲ್ಲಿ 30 ಸಾವಿರ ಕಾಯಿಲೆ ಕಸಾಲೆಗೆ ಬೇರೆ ಇಡಿ. ಉಳಿದ 2 ಲಕ್ಷ 70 ಸಾವಿರವನ್ನು ಹನ್ನೆರಡರಿಂದ ಭಾಗಿಸಬೇಡಿ, ಹದಿನೈದರಿಂದ ಭಾಗಿಸಿ. ತಿಂಗಳಿಗೆ 18 ಸಾವಿರ ಬರುತ್ತದೆ. ಅದೇ ನಿಮ್ಮ ಸಂಬಳ.

ಹದಿನೈದು ಯಾಕೆ ಅಂತ ಕೇಳುತ್ತೀರಿ ಅಲ್ವಾ? ನವೆಂಬರಿನಲ್ಲಿ ಮಳೆ ಹಿಡಿದುಕೊಂಡರೆ ಕೊಯ್ಲು, ಒಣಗಿಸೋದು ಎಲ್ಲ ಹಿಂದೆ ಬೀಳುತ್ತದೆ. ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ. ಮೂರು ತಿಂಗಳ ಮನೆಖರ್ಚು ಕೈಯಲ್ಲಿದ್ದವರು ಮಾತ್ರ ದರ ಬಿದ್ದಾಗ ಅಡಿಕೆ ಚೀಲವನ್ನು ಅಟ್ಟದ ಮೇಲೆ ಇಟ್ಟು ಕಾಯಬಹುದು. ಕಂತಿನ ತಾರೀಕು ಎದುರಿಗಿದ್ದವರು ಅವತ್ತಿನ ದರಕ್ಕೇ ಕೊಡಬೇಕು. ಮಳೆಗಾಲದಲ್ಲೇ ಚೇಣಿಯವರ (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು) ಹತ್ತಿರ ಮುಂಗಡ ತಗೊಂಡವರ ಪಾಡೂ ಅದೇ. ಆ ಮೂರು ತಿಂಗಳನ್ನು ನಾನು ಉಳಿತಾಯ ಅಂತ ಅನ್ನುವುದಿಲ್ಲ, ನಮ್ಮ ಬೆಳೆಗೆ ನಾವೇ ದರ ಕೇಳುವ ಬಲ ಅದು.

ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಆಗುವುದಿಲ್ಲ, ದುಡ್ಡನ್ನೇ ಬೇರೆ ಮಾಡಬೇಕು. ಮಂಡಿ ದುಡ್ಡು ಬೀಳುವ ಖಾತೆ ಒಂದು, ಮನೆಖರ್ಚಿನ ಖಾತೆ ಇನ್ನೊಂದು. ಪ್ರತಿ ತಿಂಗಳು 1ನೇ ತಾರೀಕು ಮೊದಲನೆಯದರಿಂದ ಎರಡನೆಯದಕ್ಕೆ 18 ಸಾವಿರ ತಾನಾಗಿಯೇ ಹೋಗೋ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಿ. ಎಟಿಎಂ ಕಾರ್ಡು, ಫೋನ್‌ಪೇ ಎರಡನೆಯ ಖಾತೆಗೆ ಮಾತ್ರ ಇರಲಿ. ಆರು ತಿಂಗಳು ಮುಟ್ಟಬೇಕಿಲ್ಲದ ದುಡ್ಡನ್ನು ಸಣ್ಣ ಸಣ್ಣ ಎಫ್‌ಡಿ ಮಾಡಿ, ಒಂದೇ ದೊಡ್ಡದು ಬೇಡ. ಒಂದನ್ನು ಮುರಿಯಬೇಕಾಗಿ ಬಂದರೂ ಉಳಿದವು ಹಾಗೇ ಇರುತ್ತವೆ.

ಸೊಸೈಟಿ ಬೆಳೆಸಾಲದ ಬಗ್ಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಸಾಲಕ್ಕೆ ಬಡ್ಡಿ ಇಲ್ಲ. ಮೊದಲು 3 ಲಕ್ಷದವರೆಗೆ ಇತ್ತು, 2023-24ರ ಬಜೆಟ್ಟಿನಲ್ಲಿ ಅದನ್ನು 5 ಲಕ್ಷ ಮಾಡಿದರು. ಆದರೆ ವಾಯಿದೆ ಒಳಗೆ ಕಟ್ಟಿದರೆ ಮಾತ್ರ. ಒಂದು ಸಲ ತಪ್ಪಿದರೆ ಬಡ್ಡಿ ಬೀಳುತ್ತದೆ. ಹಾಗಾಗಿ ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಯಿರಿ, ಅದರ ದುಡ್ಡು ತೋಟದ ಪಾಲಿಗಿಂತಲೂ ಮೊದಲು ಹೋಗಲಿ.

ಇನ್ನು ಬ್ಯಾಂಕ್ ಸಾಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಾವು ಜಾಸ್ತಿ ಕಳೆದುಕೊಂಡದ್ದು ಇಲ್ಲೇ.

2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಆರು ತಿಂಗಳು ಕಂತು ಕಟ್ಟದಿದ್ದರೂ ನಡೆಯುತ್ತದೆ ಅಂತ ಆರ್‌ಬಿಐ ಅವಕಾಶ ಕೊಟ್ಟಿತು. ನಮ್ಮ ಪಿಕಪ್ ಗಾಡಿ ಸಾಲಕ್ಕೆ ನಾವೂ ತಗೊಂಡೆವು. ಕಂತು ಮನ್ನಾ ಆಯಿತು ಅಂತ ಮನೆಯಲ್ಲಿ ಎಲ್ಲರೂ ತಿಳಿದುಕೊಂಡಿದ್ದರು. ಅದು ಮನ್ನಾ ಅಲ್ಲ, ಮುಂದೂಡಿದ್ದು. ಆ ಆರು ತಿಂಗಳ ಬಡ್ಡಿ ಸಾಲಕ್ಕೆ ಸೇರಿತು. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದು ಅಂತ 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಬಡ್ಡಿ ಕಟ್ಟಲೇಬೇಕಾಯಿತು. ಮುಂದೆ ಎಂದಾದರೂ ಇಂಥ ಅವಕಾಶ ಬಂದರೆ, ನಿಜವಾಗಿ ದುಡ್ಡಿಲ್ಲದಿದ್ದರೆ ಮಾತ್ರ ತಗೊಳ್ಳಿ.

ಎರಡನೆಯದು ಬಡ್ಡಿ ದರ. ವ್ಯವಹಾರ ಪೂರ್ತಿ ನಿಂತು ಹೋಗಬಾರದು ಅಂತ ಆರ್‌ಬಿಐ 2020ರ ಮೇ ಹೊತ್ತಿಗೆ ರೆಪೊ ದರವನ್ನು ಶೇ 4ಕ್ಕೆ ಇಳಿಸಿತ್ತು. ರೆಪೊ ಅಂದರೆ ಬ್ಯಾಂಕುಗಳು ಆರ್‌ಬಿಐನಿಂದ ಪಡೆಯುವ ಸಾಲದ ಬಡ್ಡಿ. ಆಗ ಮನೆ ಸಾಲ ಅಗ್ಗವಾಗಿ ಸಿಕ್ಕಿತು, ಊರಿನಲ್ಲಿ ಎಷ್ಟೋ ಜನ ಮನೆ ಕಟ್ಟಲು ಶುರು ಮಾಡಿದರು. ಆಮೇಲೆ ಬೆಲೆ ಏರಿತು, ಅದನ್ನು ಹಿಡಿಯಲು 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ಅದೇ ದರವನ್ನು ಶೇ 6.5ಕ್ಕೆ ಏರಿಸಿದರು. ಈಗ ಲೆಕ್ಕ ನೋಡಿ. 20 ಲಕ್ಷ ಸಾಲ, 20 ವರ್ಷ, ಶೇ 7ರ ಬಡ್ಡಿ. ಕಂತು ಸುಮಾರು 15,500. ಎರಡು ವರ್ಷ ಕಟ್ಟಿದ ಮೇಲೆ ಅಸಲು 19 ಲಕ್ಷ ಉಳಿದಿರುತ್ತದೆ. ಅಷ್ಟರಲ್ಲಿ ಬಡ್ಡಿ ಶೇ 9.5 ಆಯಿತು ಅಂದುಕೊಳ್ಳಿ. ಕಂತು ಅಷ್ಟೇ ಇದ್ದರೆ ಅದರಲ್ಲಿ 15 ಸಾವಿರ ಬಡ್ಡಿಗೇ ಹೋಯಿತು, ಅಸಲಿಗೆ ಬಿದ್ದದ್ದು ಐನೂರು ರೂಪಾಯಿಯೂ ಇಲ್ಲ. ಇನ್ನು 18 ವರ್ಷಕ್ಕೆ ಮುಗಿಯಬೇಕಾದ ಸಾಲ ಈ ಲೆಕ್ಕದಲ್ಲಿ ಸುಮಾರು 37 ವರ್ಷ ಎಳೆಯುತ್ತದೆ! ಬ್ಯಾಂಕುಗಳು ಅಷ್ಟು ದೂರ ಬಿಡುವುದಿಲ್ಲ ನಿಜ, ಆದರೆ ಕಂತು ಏರಿಲ್ಲ ಅಂತ ನೆಮ್ಮದಿಯಾಗಿದ್ದ ತುಂಬಾ ಜನರಿಗೆ ಅವಧಿ ಏರಿದ್ದು ಗೊತ್ತೇ ಇರಲಿಲ್ಲ. 18 ವರ್ಷಕ್ಕೇ ಮುಗಿಸಬೇಕು ಅಂದರೆ ಕಂತು 18,400ರ ಹತ್ತಿರ ಆಗಬೇಕು.

ಹಾಗಾಗಿ ಬ್ಯಾಂಕಿಗೆ ಹೋಗಿ ಮೂರು ವಿಷಯ ಕೇಳಿ. ಈಗಿನ ಬಡ್ಡಿ ಎಷ್ಟು, ಇನ್ನು ಎಷ್ಟು ಕಂತು ಬಾಕಿ, ಕಳೆದ ಕಂತಿನಲ್ಲಿ ಅಸಲಿಗೆ ಎಷ್ಟು ಹೋಯಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ಆರಿಸಿಕೊಳ್ಳೋ ಅವಕಾಶ ಸಾಲಗಾರರಿಗೆ ಕೊಡಬೇಕು ಅಂತ ಆರ್‌ಬಿಐ 2023ರ ಆಗಸ್ಟಿನಲ್ಲಿ ಹೇಳಿದೆ, ಕೇಳೋದಕ್ಕೆ ಸಂಕೋಚ ಬೇಡ. 2025ರಲ್ಲಿ ರೆಪೊ ಮತ್ತೆ ಇಳಿಯತೊಡಗಿತು, ಜೂನ್ ಹೊತ್ತಿಗೆ ಶೇ 5.5 ಆಗಿತ್ತು. ಇಳಿದದ್ದು ನಿಮ್ಮ ಸಾಲಕ್ಕೂ ಬಂದಿದೆಯಾ ನೋಡಿ. ಬಂದಿದ್ದರೆ ಕಂತು ಕಡಿಮೆ ಮಾಡಿಸಬೇಡಿ, ಅಷ್ಟೇ ಕಟ್ಟುತ್ತಾ ಅವಧಿ ಇಳಿಸಿಕೊಳ್ಳಿ. ಅಡಿಕೆ ಕೊಟ್ಟ ತಿಂಗಳು ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಹೆಚ್ಚಿಗೆ ಇದ್ದರೆ ಅಸಲಿಗೆ ಕಟ್ಟಿ. ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ, ಸಾಲ ವ್ಯಕ್ತಿಯ ಹೆಸರಲ್ಲಿದ್ದರೆ, ಮೊದಲೇ ತೀರಿಸಿದ್ದಕ್ಕೆ ದಂಡ ಹಾಕುವ ಹಾಗಿಲ್ಲ.

ಒಡವೆ ಸಾಲ ಮಾಡಲೇಬೇಕಾದರೆ ಎಲ್ಲವನ್ನೂ ಒಂದೇ ಗಂಟಾಗಿ ಇಡಬೇಡಿ. ಬಳೆ ಒಂದು ಸಾಲ, ಸರ ಒಂದು ಸಾಲ ಅಂತ ಬೇರೆ ಬೇರೆ ಮಾಡಿಸಿ. ದುಡ್ಡು ಬಂದ ಹಾಗೆ ಒಂದೊಂದೇ ಬಿಡಿಸಿಕೊಳ್ಳಬಹುದು. ಒಂದೇ ಗಂಟಾದರೆ ಪೂರ್ತಿ ಮೊತ್ತ ಕೂಡುವವರೆಗೂ ಏನೂ ಕೈಗೆ ಬರುವುದಿಲ್ಲ, ವರ್ಷ ವರ್ಷ ಬಡ್ಡಿ ಕಟ್ಟಿ ನವೀಕರಿಸೋದೇ ಆಗುತ್ತದೆ.

ಈಗ ಸಾಮಾನಿನ ಬೆಲೆ. ಹಣದುಬ್ಬರ ಇಳಿಯಿತು ಅಂತ ಪೇಪರಿನಲ್ಲಿ ಓದಿ, ಅಂಗಡಿಗೆ ಹೋದರೆ ಬೆಲೆ ಹಾಗೇ ಇದೆಯಲ್ಲ ಅಂತ ಸಿಟ್ಟು ಬರುತ್ತದೆ. 2022ರ ಏಪ್ರಿಲಿನಲ್ಲಿ ಅದು ಶೇ 7.79 ಇತ್ತು. ಅದು ಶೇ 4ಕ್ಕೆ ಇಳಿದರೂ ಬೆಲೆ ಇಳಿದ ಹಾಗಲ್ಲ, ಏರುವ ವೇಗ ಇಳಿಯಿತು ಅಷ್ಟೇ. ಒಮ್ಮೆ ಹತ್ತಿದ ಬೆಲೆ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. 20 ಸಾವಿರದ ಮನೆಖರ್ಚು ವರ್ಷಕ್ಕೆ ಶೇ 6ರಂತೆ ಏರಿದರೆ ನಾಲ್ಕು ವರ್ಷಕ್ಕೆ 25 ಸಾವಿರ ದಾಟುತ್ತದೆ. ಹಾಗಾಗಿ ಆ 18 ಸಾವಿರವನ್ನು ಪ್ರತಿ ಕೊಯ್ಲಿಗೂ ಹೊಸದಾಗಿ ಲೆಕ್ಕ ಹಾಕಿ, ಹಳೇ ಅಂಕಿ ಹಿಡಿದುಕೊಳ್ಳಬೇಡಿ.

ನಾನು ಹತ್ತು ಸಾಮಾನಿನ ಬೆಲೆಯನ್ನು ಮೂರು ತಿಂಗಳಿಗೊಮ್ಮೆ ಬರೆದಿಡುತ್ತೇನೆ. ಅಡುಗೆ ಎಣ್ಣೆ, ತೊಗರಿಬೇಳೆ, ಗ್ಯಾಸ್, ಡೀಸೆಲ್ ಅದರಲ್ಲಿ ಮುಖ್ಯ. ಡೀಸೆಲ್ ಏರಿದರೆ ನಮಗೆ ಎಲ್ಲವೂ ಏರುತ್ತದೆ, ಲಾರಿಯಲ್ಲಿ ಬರದ ಸಾಮಾನು ಯಾವುದಿದೆ? 2020ರ ಮೇಯಲ್ಲಿ ಕಚ್ಚಾ ತೈಲ ತೀರಾ ಅಗ್ಗವಾಗಿದ್ದಾಗ ಕೇಂದ್ರ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ, ಪೆಟ್ರೋಲ್ ಮೇಲೆ 10 ರೂಪಾಯಿ ಸುಂಕ ಏರಿಸಿತ್ತು. ಸರ್ಕಾರಕ್ಕೆ ಆದಾಯ ಬೇಕಿತ್ತು, ಆ ಭಾರ ನಮ್ಮ ಅಡುಗೆಮನೆಗೂ ಬಂತು. 2021ರ ನವೆಂಬರ್, 2022ರ ಮೇಯಲ್ಲಿ ಸುಂಕ ಇಳಿಸಿದರು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು, ಇಂಡೊನೇಷ್ಯಾ ಕೆಲವು ವಾರ ತಾಳೆ ಎಣ್ಣೆ ಹೊರಗೆ ಕಳಿಸೋದನ್ನೇ ನಿಲ್ಲಿಸಿತು. ಆಗ ನಾವು ಕೊಬ್ಬರಿ ಒಣಗಿಸಿ ಗಾಣಕ್ಕೆ ಕೊಟ್ಟೆವು, ಈಗಲೂ ಅದನ್ನೇ ಮಾಡುತ್ತೇವೆ. ಬೆಲೆ ಪಟ್ಟಿ ಇದ್ದದ್ದರಿಂದಲೇ ಯಾವುದನ್ನು ಬದಲಾಯಿಸಿದರೆ ಲಾಭ ಅಂತ ಗೊತ್ತಾಯಿತು.

ಸರ್ಕಾರದಿಂದ ಬರುವುದನ್ನು ಬಿಡಬೇಡಿ, ಆದರೆ ಅದನ್ನು ನಂಬಿ ಕಂತು ಕಟ್ಟುವ ಸಾಲ ಮಾಡಬೇಡಿ. ಗೃಹಲಕ್ಷ್ಮಿಯ 2,000 ಕೆಲವು ತಿಂಗಳು ತಡವಾಗುತ್ತದೆ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಒಬ್ಬರಿಗೆ 170 ರೂಪಾಯಿ ಕೊಟ್ಟರು, 2025ರಲ್ಲಿ ಮತ್ತೆ ಅಕ್ಕಿಯೇ ಆಯಿತು. ನಿಯಮ ಹೀಗೆ ಬದಲಾಗುತ್ತಿರುತ್ತದೆ. ನಾನು ಗೃಹಲಕ್ಷ್ಮಿ ದುಡ್ಡನ್ನು ಆ 18 ಸಾವಿರದ ಲೆಕ್ಕಕ್ಕೆ ಸೇರಿಸುವುದಿಲ್ಲ, ಮಗಳ ಹೆಸರಿನ ಆರ್‌ಡಿಗೆ ಹಾಕುತ್ತೇನೆ. ದುಡ್ಡು ಬರದಿದ್ದರೆ ಮೊದಲು ನೋಡಬೇಕಾದ್ದು ನಿಮ್ಮ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ. ಪಕ್ಕದ ಮನೆ ಅಕ್ಕನಿಗೆ ನಾಲ್ಕು ತಿಂಗಳು ಬಂದಿಲ್ಲ ಅಂತ ಅಲೆದಾಟ. ಕೊನೆಗೆ ನೋಡಿದರೆ ಯಾವಾಗಲೋ ತೆರೆದು ಮರೆತಿದ್ದ ಖಾತೆಗೆ ಅದು ಬೀಳುತ್ತಿತ್ತು.

ಬ್ಯಾಂಕಿಗೆ ಹೋದಾಗಲೇ ಎರಡು ವಿಮೆ ಇದೆಯಾ ಕೇಳಿ. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ, ಒಂದೊಂದಕ್ಕೂ 2 ಲಕ್ಷ. ಸುರಕ್ಷಾ ಅಪಘಾತಕ್ಕೆ ಮಾತ್ರ. ಅಡಿಕೆ ಮರ ಹತ್ತುವವರು ಇರುವ ಮನೆಗೆ ಆ 20 ರೂಪಾಯಿ ಬಹಳ ದೊಡ್ಡದು, ದಯವಿಟ್ಟು ಮಾಡಿಸಿ. ನಿಮ್ಮ ಕೊನೆಗಾರರಿಗೂ ಮಾಡಿಸಿಕೊಡಿ.

ಈ ವರ್ಷದ ದುಡ್ಡು ಈಗಾಗಲೇ ಖರ್ಚಾಗಿದೆಯಾ? ಹಾಗಿದ್ದರೂ ಎರಡನೇ ಖಾತೆ ಈಗಲೇ ತೆರೆಯಿರಿ, ಕಾಳುಮೆಣಸೋ ಹಾಲಿನ ದುಡ್ಡೋ ಬಂದದ್ದನ್ನು ಅದಕ್ಕೆ ಹಾಕುತ್ತಾ ಬನ್ನಿ. ನಮ್ಮದು ಮೊದಲ ವರ್ಷ ಎಂಟು ತಿಂಗಳಿಗಷ್ಟೇ ಸಾಕಾಯಿತು, ಮತ್ತೆ ಒಡವೆ ಇಟ್ಟೆವು. ಮರುವರ್ಷ ಹನ್ನೊಂದು ತಿಂಗಳು ಬಂತು. ನಾಲ್ಕನೇ ಕೊಯ್ಲಿಗೆ ಹದಿನೈದಾಯಿತು. ಆ ವರ್ಷ ಮಂಡಿಯಿಂದ ಫೋನ್ ಬಂದಾಗ ಇವರು ಮೊದಲ ಸಲ, "ಈಗ ಬೇಡ, ಇನ್ನೊಂದು ತಿಂಗಳು ಇರಲಿ" ಅಂದರು.