ಕ್ರೀಟ್‌ನಲ್ಲಿ ಮಧುಚಂದ್ರ: ರೂಮು ಬುಕ್ ಮಾಡುವ ಮುಂಚೆ ಊಟದ ಯೋಚನೆ ಮಾಡಿ

ನಾನು ದಾವಣಗೆರೆಯವಳು, ಮೊಟ್ಟೆಯನ್ನೂ ಒಳಗೆ ತರದ ಮನೆಯಲ್ಲಿ ಬೆಳೆದವಳು. ನಮ್ಮನೆಯವರು ಮಲ್ಪೆ ಕಡೆಯವರು, ಮೀನಿಲ್ಲದಿದ್ದರೆ ಅವರಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಮದುವೆಯಾದ ಐದನೇ ತಿಂಗಳು, ಸೆಪ್ಟೆಂಬರ್ ಕೊನೆಗೆ, ಒಂಬತ್ತು ದಿನ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿದ್ದೆವು. ಹನಿಯಾ ಪಟ್ಟಣದ ಪಕ್ಕ, ಪ್ಲಾತಾನಿಯಾಸ್ ಎಂಬ ಕಡಲತೀರದ ಒಂದು ರೆಸಾರ್ಟಿನಲ್ಲಿ ಉಳಿದಿದ್ದೆವು. ಈಗ ನನ್ನ ಚಿಕ್ಕಪ್ಪನ ಮಗಳು ಅದೇ ಕಡೆ ಹೊರಟಿದ್ದಾಳೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಮೂರು ಹೊತ್ತಿನ ಊಟ, ಕುಡಿಯುವುದು ಎಲ್ಲ ಸೇರಿಸಿದ ಆಲ್ ಇನ್‌ಕ್ಲೂಸಿವ್ ಪ್ಯಾಕೇಜ್ ತಗೋಬೇಡಿ. ನಾವು ತಗೊಂಡಿದ್ದೆವು. ಎರಡು ರಾತ್ರಿ ಬಫೆ ಸಾಲಿನಲ್ಲಿ ನಿಂತು ಬೆಂದ ಪಾಸ್ತಾ, ಹೆಚ್ಚಿದ ಸೌತೆಕಾಯಿ ತಿಂದೆ. ದುಡ್ಡು ಕೊಟ್ಟಾಗಿದೆ ಎಂಬ ಸಂಕಟಕ್ಕೆ ಹೊರಗೆ ಹೋಗಲೂ ಮನಸ್ಸು ಬರಲಿಲ್ಲ. ಮೂರನೇ ಸಂಜೆ, ಹೋದರೆ ಹೋಗಲಿ ಅಂತ ಬಸ್ ಹತ್ತಿ ಹನಿಯಾಕ್ಕೆ ಹೋದೆವು. ನಮ್ಮ ಮಧುಚಂದ್ರ ಶುರುವಾಗಿದ್ದೇ ಆ ಸಂಜೆ. ರೂಮಿಗೆ ಬೆಳಗಿನ ತಿಂಡಿ ಸೇರಿದ್ದರೆ ಸಾಕು. ಉಳಿದ ಊಟ ತವೆರ್ನಾಗಳಲ್ಲಿ ಮಾಡಿ. ತವೆರ್ನಾ ಅಂದರೆ ಮನೆಮಂದಿಯೇ ನಡೆಸುವ ಊಟದ ಮನೆ, ನಮ್ಮ ಖಾನಾವಳಿ ಇದ್ದ ಹಾಗೆ.

ಹನಿಯಾದ ಹಳೇ ಬಂದರು ವೆನಿಸಿನವರು ಕಟ್ಟಿದ್ದು, ದೀಪಸ್ತಂಭ ಎದುರಿಗೇ ಕಾಣುತ್ತದೆ. ನೀರಿನಂಚಿನ ಮೇಜುಗಳಲ್ಲಿ ಕೂತು ಒಂದು ಕಾಫಿ ಕುಡಿಯಿರಿ, ಊಟಕ್ಕೆ ಒಳಗಿನ ಗಲ್ಲಿಗಳಿಗೆ ಹೋಗಿ. ದಾರಿಯಲ್ಲಿ ನಿಂತು ಮೆನು ಹಿಡಿದು ಕರೆಯುವವರು ಅಲ್ಲಿ ಕಡಿಮೆ. ಸ್ಪ್ಲಾಂಜಿಯಾ ಚೌಕದಲ್ಲಿ ಗಂಟೆ ಗೋಪುರ, ಮಿನಾರು ಎರಡನ್ನೂ ಹೊತ್ತ ಸಂತ ನಿಕೋಲಸ್ ಚರ್ಚ್ ಇದೆ. ಅದರ ಆಸುಪಾಸಿನಲ್ಲಿ ಕೂತರೆ ಗದ್ದಲವಿಲ್ಲದೆ ಇಬ್ಬರೂ ಮಾತಾಡಬಹುದು. ಅಲ್ಲಿಯವರು ರಾತ್ರಿ ಊಟಕ್ಕೆ ಬರುವುದೇ ಒಂಬತ್ತರ ಮೇಲೆ. ಏಳೂವರೆಗೆ ಹೋದರೆ ಒಳ್ಳೆಯ ಜಾಗ ಸಿಗುತ್ತದೆ. ತಿಂದ ಕೂಡಲೇ ಬಿಲ್ ತಂದಿಟ್ಟು ಎಬ್ಬಿಸುವ ಪದ್ಧತಿ ಇಲ್ಲ, ನೀವೇ ಕೇಳಬೇಕು. ಈ ಪದ್ಧತಿ ಹೊಸ ಜೋಡಿಗೆ ದೊಡ್ಡ ಉಪಕಾರ. ಕೊನೆಗೆ ಹಣ್ಣೋ ಸಿಹಿಯೋ, ಜೊತೆಗೊಂದು ಪುಟ್ಟ ಸೀಸೆ ರಾಕಿಯೋ ಮನೆಯ ಲೆಕ್ಕದಲ್ಲಿ ಬರುವುದುಂಟು. ರಾಕಿ ತುಂಬ ಕಟುವಾದ ದ್ರಾಕ್ಷಿ ಸಾರಾಯಿ, ಬೇಡವಾದರೆ ನಗುತ್ತಾ ಬೇಡ ಅನ್ನಿ. ಕೇಳದೆ ತಂದಿಡುವ ಬ್ರೆಡ್ಡಿಗೆ ಮಾತ್ರ ತಲೆಗಿಷ್ಟು ಅಂತ ಬಿಲ್ಲಿನಲ್ಲಿ ಸೇರುವುದುಂಟು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಗ್ರೀಕರ ಆರ್ಥೊಡಾಕ್ಸ್ ಕ್ರೈಸ್ತ ಧರ್ಮದಲ್ಲಿ ಉಪವಾಸದ ದಿನಗಳು ಬಹಳ. ಹಾಗಾಗಿ ಮಾಂಸವಿಲ್ಲದ ಅಡುಗೆ ಅವರ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಮೆನುವಿನಲ್ಲಿ 'ಲಾದೆರಾ' ಎಂಬ ಸಾಲು ಹುಡುಕಿ: ಬೀನ್ಸ್, ಬದನೆ, ಬೆಂಡೆಕಾಯಿಯನ್ನು ಆಲಿವ್ ಎಣ್ಣೆ, ಟೊಮೆಟೊದಲ್ಲಿ ನಿಧಾನಕ್ಕೆ ಬೇಯಿಸಿದ್ದು. 'ಫಾವಾ' ಅಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಮೇಲೆ ಈರುಳ್ಳಿ, ಎಣ್ಣೆ ಹಾಕಿದ್ದು. ಮೊದಲ ತುತ್ತಿಗೇ ಒಗ್ಗರಣೆ ಹಾಕದ ತೊಗರಿಬೇಳೆ ನೆನಪಾಯಿತು. ಹನಿಯಾದ್ದೇ ಆದ 'ಬೂರೆಕಿ'ಯಲ್ಲಿ ಆಲೂಗಡ್ಡೆ, ಎಳೆ ಕುಂಬಳದಂಥ ಕಾಯಿ, ಮಿಜಿಥ್ರಾ ಚೀಸ್, ಪುದೀನ ಇರುತ್ತದೆ.

ನಾನು ಮನಸೋತಿದ್ದು 'ದಾಕೋಸ್'ಗೆ. ಬಾರ್ಲಿ ಹಿಟ್ಟಿನ ರೊಟ್ಟಿಯನ್ನು ಎರಡು ಸಲ ಸುಟ್ಟು, ಹಲ್ಲಿಗೆ ಸವಾಲಾಗುವಷ್ಟು ಗಟ್ಟಿ ಮಾಡಿರುತ್ತಾರೆ. ಅದರ ಮೇಲೆ ತುರಿದ ಟೊಮೆಟೊ, ಪುಡಿಪುಡಿ ಬಿಳಿ ಚೀಸ್, ಒರೆಗಾನೋ, ಧಾರಾಳ ಆಲಿವ್ ಎಣ್ಣೆ. ಬಂದ ತಕ್ಷಣ ತಿನ್ನಬೇಡಿ, ಐದು ನಿಮಿಷ ಬಿಡಿ. ಟೊಮೆಟೊ ರಸ ಕುಡಿದು ಅಂಚು ಗರಿಗರಿ, ನಡುವೆ ಮೆತ್ತಗೆ ಆಗುತ್ತದೆ. ಖಡಕ್ ರೊಟ್ಟಿಗೆ ಮೊಸರು, ಶೇಂಗಾ ಚಟ್ನಿ ಹಚ್ಚಿ ನೆನೆಯಲು ಬಿಡುತ್ತಿದ್ದ ನಮ್ಮಜ್ಜಿಯ ತಟ್ಟೆ ಕಣ್ಣಮುಂದೆ ಬಂತು. ಅದನ್ನು ನಮ್ಮನೆಯವರಿಗೆ ಹೇಳುತ್ತಾ ಹೇಳುತ್ತಾ ಒಂದು ಗಂಟೆ ಕಳೆಯಿತು. ಅಜ್ಜಿಯ ಬಗ್ಗೆ ಅವರ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಒಂದು ಕಡೆ ಮಾತ್ರ ಎಡವಿದೆ. ದ್ರಾಕ್ಷಿ ಎಲೆಯ ಸುರುಳಿ ತರಿಸಿ ಕಚ್ಚಿದರೆ ಒಳಗೆ ಕೊಚ್ಚಿದ ಮಾಂಸ. ಕಣ್ಣಲ್ಲಿ ನೀರೇ ಬಂತು. ಆ ಅಡುಗೆಯಲ್ಲಿ ಎರಡು ಬಗೆ ಇವೆ, ಅನ್ನ ಮಾತ್ರ ತುಂಬಿದ್ದಕ್ಕೆ 'ಯಾಲಂಜಿ' ಅನ್ನುತ್ತಾರೆ. ಅನ್ನ ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿ 'ಯೆಮಿಸ್ತಾ'ದಲ್ಲೂ ಹೀಗೇ. ಮಾಂಸವಿಲ್ಲದ್ದನ್ನು 'ಒರ್ಫಾನಾ' ಎನ್ನುತ್ತಾರೆ, ಅಂದರೆ ಅನಾಥ! 'ಹೋರಿಸ್ ಕ್ರೇಆಸ್' (ಮಾಂಸವಿಲ್ಲದೆ) ಎಂಬ ಎರಡು ಪದ ಬಾಯಿಪಾಠ ಮಾಡಿಕೊಳ್ಳಿ. ಸಾರಿಗೆ ಮಾಂಸದ ನೀರು ಹಾಕಿದ್ದೀರಾ ಅಂತಲೂ ಕೇಳಿ. ಚೀಸಿನಲ್ಲಿ ಪ್ರಾಣಿಯ ರೆನೆಟ್ (ಕರುವಿನಂಥ ಪ್ರಾಣಿಯ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ಪದಾರ್ಥ) ಇರುವುದು ಸಾಮಾನ್ಯ, ಕಟ್ಟುನಿಟ್ಟಿನವರು ಲಾದೆರಾ, ಫಾವಾಗಳಿಗೇ ನಿಲ್ಲುವುದು ಕ್ಷೇಮ.

ಮೀನು ತಿನ್ನುವವರಿಗೆ: ಇಡೀ ಮೀನಿನ ಬೆಲೆ ಹೆಚ್ಚಾಗಿ ಕಿಲೋ ಲೆಕ್ಕದಲ್ಲಿರುತ್ತದೆ, ತಟ್ಟೆಯ ಲೆಕ್ಕದಲ್ಲಲ್ಲ. ಇದು ಗೊತ್ತಿಲ್ಲದೆ ಬಿಲ್ ನೋಡಿ ಬೆಚ್ಚುವವರುಂಟು. ಒಳಗೆ ಹೋಗಿ ಐಸಿನ ಮೇಲಿಟ್ಟ ಮೀನು ನೋಡಿ, ಆರಿಸಿ, ನಿಮ್ಮ ಮುಂದೆಯೇ ತೂಗಿಸಿ, ಬೆಲೆ ಕೇಳಿ, ಆಮೇಲೆ ಹೂಂ ಅನ್ನಿ. ನಮ್ಮನೆಯವರು 'ತ್ಸಿಪೂರಾ' ಎಂಬ ಒಂದು ಕಡಲ ಮೀನು ಎತ್ತಿ ಕಿವಿರು ಬಿಡಿಸಿ ಕೆಂಪು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಅಂಗಡಿಯ ಯಜಮಾನಿ, ಎಪ್ಪತ್ತರ ಹತ್ತಿರದವರು, ಅವರ ಭುಜ ತಟ್ಟಿ ಅದನ್ನು ವಾಪಸ್ ಇಟ್ಟು ಕೆಳಗಿನಿಂದ ಇನ್ನೊಂದು ತೆಗೆದುಕೊಟ್ಟರು. ಮೆನುವಿನಲ್ಲಿ ನಕ್ಷತ್ರದ ಗುರುತಿದ್ದರೆ ಫ್ರೀಜರಿನ ಮೀನು ಅಂತ ತಿಳಿಯಿರಿ. ಅಲ್ಲಿಯವರು ಮೀನನ್ನು ಕೆಂಡದ ಮೇಲೆ ಸುಟ್ಟು ನಿಂಬೆರಸ, ಎಣ್ಣೆ ಅಷ್ಟೇ ಹಾಕುವುದು. ಖಾರ ಬೇಕೆನಿಸಿದರೆ ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಕ್ಕೂಟದೊಳಗೆ ಬಿಡುವುದಿಲ್ಲ.

ಕಡಲಿನ ವಿಷಯ. ಜುಲೈ, ಆಗಸ್ಟಿನಲ್ಲಿ ಬಿಸಿಲು, ಜನ, ಮೆಲ್ತೆಮಿ ಎಂಬ ಉತ್ತರದ ಗಾಳಿ ಮೂರೂ ಜೋರು. ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗಿರುತ್ತದೆ. ಎಲಫೋನಿಸಿಯ ಗುಲಾಬಿ ಮರಳಿನ ತೀರ ಹನಿಯಾದಿಂದ ಸುಮಾರು 75 ಕಿ.ಮೀ., ಬೆಟ್ಟದ ದಾರಿ. ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ. ನೀರು ಮೊಣಕಾಲುದ್ದ, ಈಜು ಬಾರದ ನಾನು ನಮ್ಮನೆಯವರ ಕೈ ಹಿಡಿದು ಆಚೆಯ ಪುಟ್ಟ ದ್ವೀಪದವರೆಗೂ ನಡೆದೆ. ಮರಳು ತುಂಬಿಕೊಂಡು ಬರುವುದು ನಿಷಿದ್ಧ. ನಡೆಯುವ ಹುಮ್ಮಸ್ಸಿದ್ದರೆ 16 ಕಿ.ಮೀ. ಸಮರಿಯಾ ಕಣಿವೆ ಇದೆ, ಆದರೆ ಮರುದಿನ ಮಂಡಿ ಏಳಲು ಬಿಡುವುದಿಲ್ಲ, ಕೊನೆಯ ದಿನಗಳಿಗೆ ಇಡಬೇಡಿ.

ಕಾಗದಪತ್ರ ಚುಟುಕಾಗಿ: ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು, ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು. ಮದುವೆಯಾದ ಹೊಸತರಲ್ಲಿ ಪಾಸ್‌ಪೋರ್ಟಿನ ಹೆಸರು ಬದಲಿಸಲು ಹೋಗಿ ಟಿಕೆಟ್ಟಿಗೆ ಹೊಂದದೆ ಒದ್ದಾಡಬೇಡಿ, ಬಂದ ಮೇಲೆ ಮಾಡಿಸಿ. 2025ರಿಂದ ಏಪ್ರಿಲ್–ಅಕ್ಟೋಬರಿನಲ್ಲಿ ನಾಲ್ಕು ನಕ್ಷತ್ರದ ಹೋಟೆಲಿನಲ್ಲಿ ರೂಮಿಗೆ ರಾತ್ರಿಗೆ 10, ಐದು ನಕ್ಷತ್ರದ್ದರಲ್ಲಿ 15 ಯೂರೋ ತೆರಿಗೆ ಇದೆ. ಬುಕಿಂಗ್ ಹಣದಲ್ಲಿ ಸೇರಿದೆಯೋ ಕೇಳಿಕೊಳ್ಳಿ.

ಬುಕ್ ಮಾಡುವಾಗಲೇ ಮಧುಚಂದ್ರಕ್ಕೆ ಬರುತ್ತಿದ್ದೇವೆ ಅಂತ ಬರೆಯಿರಿ. ಗ್ರೀಕರು ಅದನ್ನು 'ಮಿನಾಸ್ ತು ಮೆಲಿತೋಸ್', ಜೇನಿನ ತಿಂಗಳು, ಅನ್ನುತ್ತಾರೆ. ಬರುವಾಗ ಕ್ರೀಟಿನ ಥೈಮ್ ಹೂವಿನ ಜೇನು ಒಂದು ಬಾಟಲಿ ತನ್ನಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುಮಧ್ಯೆ ಇಡಿ. ನಮ್ಮದು ಇನ್ನೂ ಕಾಲು ಬಾಟಲಿ ಉಳಿದಿದೆ, ಭಾನುವಾರದ ದೋಸೆಗೆ ಮಾತ್ರ ತೆಗೆಯುತ್ತೇವೆ.